ಅಣ್ಣೆ ಸೊಪ್ಪು ಬಸಿದ ನೀರು

ನನ್ನ ಎರಡೂ ಕಿಡ್ನಿ ಸಣ್ಣಗಾಗಿವೆ ಎಂದು ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ ಮೊದಲು ಹೇಳಿದ್ದು ನನಗಲ್ಲ, ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಇನ್ನೊಬ್ಬ ಹುಡುಗಿಗೆ. ಇವಳು ಇಂಗ್ಲಿಷಿನಲ್ಲಿ ಅಳತೆ ಹೇಳುತ್ತಾ ಹೋದಳು, ಅವಳು ಟೈಪು ಮಾಡುತ್ತಾ ಹೋದಳು. ಹೊಟ್ಟೆಗೆಲ್ಲ ತಣ್ಣನೆಯ ಜೆಲ್ಲು ಬಳಿಸಿಕೊಂಡು ಮಲಗಿದ್ದ ನನ್ನ ಕಡೆ ಯಾರೂ ತಿರುಗಲಿಲ್ಲ.

"ನಂಗೂ ಸ್ವಲ್ಪ ಹೇಳಮ್ಮಾ, ಕಿಡ್ನಿ ನಂದೇ ತಾನೆ?" ಎಂದೆ.

ಇಬ್ಬರೂ ನಕ್ಕರು. "ಡಾಕ್ಟರ್ ಹೇಳ್ತಾರೆ ಮೇಡಂ" ಎಂದಳು ಕಂಪ್ಯೂಟರಿನವಳು. ಆ ನಗು ನೋಡಿ ನನಗೆ ಏನೂ ಆಗಿಲ್ಲವೆಂದೇ ಅಂದುಕೊಂಡೆ.

ನನ್ನ ಹೆಸರು ಸುಜಾತ. ಇಂದಿರಾನಗರದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಪಾಲಿಸಿ ಮಾಡಿಸಲು ಬರುವವರಿಗೆಲ್ಲ "ಹಿಂದಿನ ಸಣ್ಣಕ್ಷರ ಓದ್ಕೊಂಡು ಸೈನ್ ಹಾಕ್ರೀ, ಆಮೇಲೆ ಬಂದು ಅಳ್ಬೇಡಿ" ಎಂದು ಗದರಿಸುವುದು ನನ್ನ ಕೆಲಸ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಫೀಸಿನಲ್ಲೂ ಮನೆಯಲ್ಲೂ ಹೆಸರಿದೆ. ಇದನ್ನೆಲ್ಲ ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಆದದ್ದರಲ್ಲಿ ನನ್ನ ಕಾಯಿಲೆಯ ಪಾಲೆಷ್ಟೋ ನನ್ನ ಬಾಯಿಯ ಪಾಲೂ ಅಷ್ಟೇ ಇದೆ.

ಅದಕ್ಕೂ ಒಂದು ವರ್ಷ ಮೊದಲಿನಿಂದ ಕಾಲು ಊದುತ್ತಿತ್ತು. ಬಸ್ಸಿನಲ್ಲಿ ನಿಂತು ಬರುತ್ತೇನಲ್ಲ ಅದಕ್ಕೆ ಎಂದುಕೊಂಡೆ. ಚಪ್ಪಲಿ ಬದಲಾಯಿಸಿದೆ. ಕಿಡ್ನಿ ಡಾಕ್ಟರು ರಿಪೋರ್ಟು ನೋಡಿ, "ಬಿಪಿ ಎಷ್ಟು ವರ್ಷದಿಂದ ಇದೆಯಮ್ಮಾ?" ಎಂದು ಕೇಳಿದರು.

"ಇದೆಯಾ?" ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಜೋಪಾನ ಮಾಡಿದರೆ ಡಯಾಲಿಸಿಸ್ಸನ್ನು ಎಷ್ಟೋ ವರ್ಷ ಮುಂದಕ್ಕೆ ತಳ್ಳಬಹುದು, ಜೋಪಾನ ಮಾಡದಿದ್ದರೆ ಒಂದು ವರ್ಷವೂ ಕಷ್ಟ ಎಂದರು. ನನ್ನ ಗಂಡ ಮುನಿರಾಜು ಪಕ್ಕದಲ್ಲಿ ಕೂತು ಕಾರ್ಖಾನೆಯ ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು. ಆಚೆ ಬಂದ ಮೇಲೆ, "ಕಾಫಿ ಕುಡೀತೀಯಾ ಸುಜಾ?" ಎಂದರು. ಅದು ಬಿಟ್ಟು ಬೇರೆ ಏನು ಕೇಳಬೇಕೋ ಆ ಮನುಷ್ಯನಿಗೆ ತೋಚಲಿಲ್ಲ. ನನಗೂ ಕುಡಿಯಬಹುದೋ ಬಾರದೋ ಗೊತ್ತಿರಲಿಲ್ಲ. ಇಬ್ಬರೂ ಕುಡಿಯದೆ ಮನೆಗೆ ಬಂದೆವು.

ಆಸ್ಪತ್ರೆ ಶಿವಾಜಿನಗರದ ಕಡೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಡೆದರೆ ಹತ್ತು ನಿಮಿಷ, ನನ್ನ ಕಾಲಿಗೆ ಇಪ್ಪತ್ತು. ಅಲ್ಲಿ ಕಾಯುವ ಜಾಗದ ಎದುರಿಗೇ ಡಯಾಲಿಸಿಸ್ ವಾರ್ಡಿನ ಜೋಡಿ ಬಾಗಿಲು. ಅದರೊಳಗೆ ಹೋಗುವವರು ಮಾತಾಡಿಕೊಂಡು ಹೋಗುತ್ತಾರೆ, ಬರುವಾಗ ಗೋಡೆ ಹಿಡಿದುಕೊಂಡು ಬರುತ್ತಾರೆ. ನಾನು ಆ ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿದ್ದೆ. ಟೋಕನ್ ಕೂಗುವ ಹುಡುಗಿ ಬಾಗಿಲ ಕಡೆಯೇ ನಿಂತು ಕೂಗುತ್ತಿದ್ದುದರಿಂದ ಎರಡು ಸಲ ನನ್ನ ನಂಬರು ತಪ್ಪಿಹೋಯಿತು. ಆದರೂ ತಿರುಗಿ ಕೂರಲಿಲ್ಲ.

ಜಬೀನಾ ಪರಿಚಯವಾದದ್ದು ಅಲ್ಲೇ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅವರದು ಬಟ್ಟೆ ಅಂಗಡಿ. ನನ್ನದೇ ವಯಸ್ಸು, ಐವತ್ತಕ್ಕೆ ಹತ್ತಿರ. ವಾರಕ್ಕೆ ಮೂರು ಸಲ ಆ ಬಾಗಿಲೊಳಗೆ ಹೋಗಿಬರುತ್ತಿದ್ದರು. ನಾನು ಬೆನ್ನು ಮಾಡಿ ಕೂತದ್ದನ್ನು ನೋಡಿ ಮೊದಲ ದಿನವೇ, "ಏನ್ ಬಾಜಿ, ಬಾಗ್ಲು ಏನ್ ಹುಲೀನಾ? ಡರ್ನಾ ನಕ್ಕೋ, ಹೆದ್ರಬೇಡ್ರಿ" ಎಂದು ತಮ್ಮ ಎಡಗೈ ನನ್ನ ಮುಂದೆ ಚಾಚಿದರು. ಡಯಾಲಿಸಿಸ್ಸಿಗೆ ಸೂಜಿ ಹಾಕಲು ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ ಕೈ. ಮುಂಗೈ ಮೇಲೆ ಹಗ್ಗದಂತೆ ಉಬ್ಬಿತ್ತು. "ಮುಟ್ಟಿ ನೋಡ್ರಿ" ಎಂದರು. ಮುಟ್ಟಿದೆ. ಒಳಗೆ ಬೆಕ್ಕು ಗುರುಗುಟ್ಟಿದ ಹಾಗೆ ಜುಮುಜುಮು ಎನ್ನುತ್ತಿತ್ತು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಅವರು ಬೇಜಾರು ಮಾಡಿಕೊಳ್ಳದೆ ಒಂದು ಲವಂಗ ಕೊಟ್ಟು, ಬಾಯಾರಿದಾಗ ನೀರು ಕುಡಿಯುವ ಬದಲು ಇದನ್ನು ದವಡೆಯಲ್ಲಿಟ್ಟುಕೊಳ್ಳಿ ಎಂದರು.

ಈಗ ಅತ್ತೆಯ ವಿಷಯಕ್ಕೆ ಬರಬೇಕು. ಇಷ್ಟು ಬರೆಯಲು ಕೂತದ್ದೇ ಅವರಿಗಾಗಿ.

ನನ್ನ ಅತ್ತೆ ಚಿಕ್ಕತಾಯಮ್ಮನವರಿಗೆ ಎಪ್ಪತ್ತೈದು ದಾಟಿದೆ. ನಮ್ಮ ಮನೆ ಕೆ.ಆರ್. ಪುರದ ಹತ್ತಿರ, ಹಿಂದೆ ಹಳ್ಳಿಯಾಗಿದ್ದು ಈಗ ಬಡಾವಣೆಯಾದ ಕಡೆ. ಅತ್ತೆ ಮದುವೆಯಾಗಿ ಬಂದಾಗ ಮನೆ ಬಾಗಿಲಿನಿಂದಲೇ ರಾಗಿ ಹೊಲ ಶುರುವಾಗುತ್ತಿತ್ತಂತೆ. ಈಗ ಹೊಲದ ಜಾಗದಲ್ಲಿ ನಮ್ಮವೇ ನಾಲ್ಕು ಬಾಡಿಗೆ ಮನೆ, ಅದರಾಚೆ ಒಂದು ಅಪಾರ್ಟ್‌ಮೆಂಟು, ನಡುವೆ ಒಂದು ಖಾಲಿ ಸೈಟು. ಮಳೆ ಬಿದ್ದು ವಾರವಾದರೆ ಆ ಸೈಟಿನ ತುಂಬ ಅಣ್ಣೆ ಸೊಪ್ಪು ಏಳುತ್ತದೆ. ಅದನ್ನು ಯಾರೂ ಬಿತ್ತುವುದಿಲ್ಲ. ರಾಗಿಯ ನಡುವೆ ಕಳೆಯಾಗಿ ಹುಟ್ಟುತ್ತಿತ್ತು. ರಾಗಿ ಹೋಯಿತು, ಕಳೆ ಉಳಿಯಿತು. ಎಳೆಯದಿದ್ದಾಗ ಕುಡಿ ಚಿವುಟಿ ತರಬೇಕು, ಬೆಳ್ಳಗೆ ಗುಲಾಬಿ ಬಣ್ಣದ ತೆನೆಯಂಥ ಹೂ ಬಿಟ್ಟ ಮೇಲೆ ದನಕ್ಕೇ ಸರಿ. ಅತ್ತೆ ಬೆಳಗ್ಗೆ ಬಿಸಿಲೇರುವ ಮುಂಚೆ ಹೋಗಿ, ಸೆರಗು ಕಟ್ಟಿಕೊಂಡು, ಮಡಿಲು ತುಂಬ ಕಿತ್ತು ತರುತ್ತಿದ್ದರು. ಅಣ್ಣೆಯ ಜೊತೆ ಕೈಗೆ ಸಿಕ್ಕ ಇನ್ನೂ ಐದಾರು ಸೊಪ್ಪು ಬೆರೆಯುತ್ತಿದ್ದವು. ಅಪಾರ್ಟ್‌ಮೆಂಟಿನ ವಾಚ್‌ಮನ್ "ಅಜ್ಜೀ, ಅಲ್ಲಿ ಹಾವೈತೆ" ಎಂದರೆ, "ಅದೂ ನಮ್ಮೂರಿಂದೇ ಕಣಪ್ಪ, ನೀನೇ ಒಸಬ" ಎನ್ನುತ್ತಿದ್ದರು.

ಕಾಯಿಲೆಯ ಸುದ್ದಿ ಕೇಳಿದ ದಿನ ಅತ್ತೆ ಸೀದಾ ಸೈಟಿಗೆ ಹೋಗಿ ನೆಲದ ಮೇಲೆ ಹಬ್ಬುವ ಕೊಮ್ಮೆ ಸೊಪ್ಪನ್ನು ಬೇರು ಸಮೇತ ತಂದು ಕಷಾಯ ಕಾಯಿಸಿದರು. "ನಮ್ಮವ್ವ ಬಸುರಿಗೆ ಕಾಲು ಊದಿದ್ರೆ ಇದ್ನೇ ಕೊಡೋಳು. ಕುಡಿ, ನೀರೆಲ್ಲಾ ಇಳೀತದೆ." ನಾನೂ ಎರಡು ದಿನ ಕುಡಿದೆ. ಡಾಕ್ಟರಿಗೆ ಹೇಳಿದಾಗ ಅವರು ಗರಂ ಆದರು. ಕಷಾಯ, ಪುಡಿ, ಬೇರು ಏನೂ ಕೂಡದು ಎಂದರು. ಆ ಬಿಸಿಯನ್ನೆಲ್ಲ ತಂದು ನಾನು ಅತ್ತೆಯ ತಲೆ ಮೇಲೆ ಸುರಿದೆ. "ಹಿತ್ತಲ ಗಿಡ ಮದ್ದಲ್ಲ ಅನ್ನೋದು ಸುಮ್ನೆ ಅಲ್ಲ ಅತ್ತೆ. ನಿಮ್ಮ ಡಾಕ್ಟರಿಕೆ ನನ್ನ ಮೇಲೆ ಬೇಡ." ಅತ್ತೆ ದೇವರ ದೀಪ ಮುಟ್ಟಿ, "ಇನ್ ಕೊಡಲ್ಲ ಕಣಮ್ಮ, ದೀಪದಾಣೆ" ಎಂದರು.

ಆಮೇಲೆ ಆಸ್ಪತ್ರೆಯ ಡಯಟೀಷಿಯನ್ ಹತ್ತಿರ ಕಳಿಸಿದರು. ಚಿಕ್ಕ ಹುಡುಗಿ, ನನ್ನ ಮಗಳ ವಯಸ್ಸು. ಒಂದು ಹಾಳೆ ಕೊಟ್ಟು ಬಾಳೆಹಣ್ಣು, ಎಳನೀರು, ಕಿತ್ತಳೆ, ಟೊಮೆಟೊ ಎಲ್ಲದರ ಮೇಲೂ ಗೀಟು ಎಳೆದಳು. ಎಲ್ಲದರಲ್ಲೂ ಪೊಟ್ಯಾಸಿಯಂ ಇದೆಯಂತೆ, ಕೆಟ್ಟ ಕಿಡ್ನಿ ಅದನ್ನು ಆಚೆ ಹಾಕುವುದಿಲ್ಲವಂತೆ, ರಕ್ತದಲ್ಲಿ ಏರಿದರೆ ಎದೆಬಡಿತವನ್ನೇ ನಿಲ್ಲಿಸುತ್ತದಂತೆ. ಸೊಪ್ಪಿನ ಮೇಲೂ ಗೀಟು ಎಳೆಯಲು ಹೊರಟಳು.

"ಸೊಪ್ಪಿಲ್ದೆ ನಮ್ಮನೇಲಿ ಒಲೆ ಹತ್ತಲ್ಲಮ್ಮಾ" ಎಂದೆ.

"ತಿನ್ಲೇಬೇಕು ಅಂದ್ರೆ ವಾರಕ್ಕೆ ಒಂದ್ಸಲ ಮೇಡಂ. ಜಾಸ್ತಿ ನೀರು ಹಾಕಿ ಬೇಯ್ಸಿ, ನೀರು ಚೆನ್ನಾಗಿ ಬಸಿದು, ಆಮೇಲೆ ತಿನ್ನಿ. ಅದ್ರಲ್ಲಿರೋ ಪೊಟ್ಯಾಸಿಯಂ ನೀರಿಗೆ ಹೋಗ್ಬಿಡುತ್ತೆ."

ನನಗೆ ಆದ ಸಂತೋಷ ಹೇಳತೀರದು. ನಮ್ಮ ಮನೆಯಲ್ಲಿ ಸೊಪ್ಪನ್ನು ಬಸಿಯದೆ ಮಾಡಿದ್ದಾದರೂ ಯಾವಾಗ? ಬಸ್ಸಾರು ಎಂದರೇನೇ ಬಸಿದದ್ದು. ಕಾಳು ಸೊಪ್ಪು ಬೇಯಿಸಿ, ಬಸಿದು, ಸೊಪ್ಪಿಗೆ ತೆಂಗಿನಕಾಯಿ ಹಾಕಿ ಪಲ್ಯ. ಬಸಿದ ನೀರಿಗೆ ಮಸಾಲೆ ರುಬ್ಬಿ ಹಾಕಿ ಸಾರು. ಆ ನೀರನ್ನು ನಮ್ಮಲ್ಲಿ ಕಟ್ಟು ಎನ್ನುತ್ತಾರೆ. ಮನೆಗೆ ಬಂದವಳೇ ಅತ್ತೆಗೆ ಹೇಳಿದೆ: "ಬಸಿದು ತಿನ್ಬೋದಂತೆ ಅತ್ತೆ. ನೀರು ಜಾಸ್ತಿ ಹಾಕ್ಬೇಕಂತೆ ಅಷ್ಟೆ."

ಅತ್ತೆ ಸೊಪ್ಪು ಬಿಡಿಸುತ್ತಾ ತಲೆ ಎತ್ತಿದರು. "ಬಸಿದ ಮ್ಯಾಕೆ ಕಟ್ಟು ಏನ್ ಮಾಡ್ಲಿ?"

"ಅದನ್ನೂ ನಾನೇ ಹೇಳ್ಬೇಕಾ? ಯಾವಾಗ್ಲೂ ಏನ್ ಮಾಡ್ತೀರೋ ಅದನ್ನೇ ಮಾಡಿ."

ಅವರು ಕೇಳಿದ್ದರು. ಅಕ್ಷರ ಬಾರದ ಆ ಹೆಂಗಸು ಕೇಳಬೇಕಾದ ಒಂದೇ ಪ್ರಶ್ನೆಯನ್ನು ಸರಿಯಾಗಿ ಕೇಳಿದ್ದರು. ಸಣ್ಣಕ್ಷರ ಓದುವ ನಾನು ಉತ್ತರ ಕೊಟ್ಟ ರೀತಿ ಇದು.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಸೈಟಿನಲ್ಲಿ ಮೊಣಕಾಲುದ್ದ ಅಣ್ಣೆ. ಬಾಳೆಹಣ್ಣು ಬಿಟ್ಟೆ, ಎಳನೀರು ಬಿಟ್ಟೆ, ಆಫೀಸಿನಲ್ಲಿ ಯಾರಾದರೂ ಕಿತ್ತಳೆ ಸುಲಿದರೆ ಎದ್ದು ಆಚೆ ಹೋಗುತ್ತಿದ್ದೆ. ಬಾಯಿಗೆ ಉಳಿದ ಸುಖ ಇದೊಂದೇ. ವಾರಕ್ಕೆ ಒಂದು ಸಲ ಎಂದದ್ದನ್ನು ಬಸಿದದ್ದು ತಾನೆ, ಭಯ ಏನು ಎಂದು ಮೂರು ಸಲ ಮಾಡಿಕೊಂಡೆ. ಮುದ್ದೆಯ ಮಧ್ಯೆ ಗುಳಿ ಮಾಡಿ ಬಿಸಿ ಬಿಸಿ ಬಸ್ಸಾರು ಬಿಟ್ಟುಕೊಂಡು, ಕೊನೆಗೆ ತಟ್ಟೆ ಎತ್ತಿ ಕುಡಿಯುತ್ತಿದ್ದೆ. ನನ್ನ ಊಟ ನೋಡಿ ಅತ್ತೆಯ ಮುಖ ಅರಳುತ್ತಿತ್ತು.

ಗೌರಿ ಹಬ್ಬಕ್ಕೆ ಇನ್ನೂ ವಾರವಿತ್ತು. ಎರಡು ದಿನದಿಂದ ಕಾಲು ನನ್ನದಲ್ಲ ಎನ್ನುವ ಹಾಗಿತ್ತು. ಬೆಳಗ್ಗೆ ಹತ್ತು ಗಂಟೆಗೆ ಆಫೀಸಿನ ಮೆಟ್ಟಿಲು ಹತ್ತುವಾಗ ಮೂರನೇ ಮೆಟ್ಟಿಲಲ್ಲಿ ಕಾಲು ಎತ್ತಿದೆ, ಅದು ಏಳಲಿಲ್ಲ. ಎದೆಯಲ್ಲಿ ಬಡಿತ ಒಂದು ಬಿದ್ದು, ಒಂದು ಬೀಳದೆ, ಮತ್ತೆ ಎರಡು ಒಟ್ಟಿಗೆ ಬಿದ್ದವು. ಅಲ್ಲೇ ಕೂತೆ. ಕೂತವಳಿಗೆ ಏಳಲಾಗಲಿಲ್ಲ. ಆಫೀಸಿನವರು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದರು. ಟ್ರಿನಿಟಿ ಸರ್ಕಲ್ಲಿನ ಸಿಗ್ನಲ್ಲು ಅಷ್ಟು ಉದ್ದ ಎಂದು ಅವತ್ತೇ ಗೊತ್ತಾದದ್ದು.

ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದ ನರ್ಸು ಚೀಟಿ ಹಿಡಿದು ಓಡಿದಳು. ನರ್ಸುಗಳು ಓಡಬಾರದು, ಅವರು ಓಡಿದರೆ ಮಲಗಿದವರ ಜೀವ ಅರ್ಧ ಹೋಗುತ್ತದೆ. ಪೊಟ್ಯಾಸಿಯಂ ಮಿತಿ ಮೀರಿತ್ತು. ಕೈಗೆ ಒಂದಾದ ಮೇಲೆ ಒಂದು ಇಂಜೆಕ್ಷನ್ನು, ಕುಡಿಯಲು ಮರಳಿನಂಥ ಪುಡಿ. ಸಂಜೆಯೊಳಗೆ ಇಳಿಯದಿದ್ದರೆ ಕುತ್ತಿಗೆಗೆ ಟ್ಯೂಬು ಹಾಕಿ ಡಯಾಲಿಸಿಸ್ ಮಾಡಬೇಕಾಗುತ್ತದೆ ಎಂದರು. ಸಾಯುತ್ತೇನೆ ಎಂದು ನನಗೆ ಖಚಿತವಾಗಿತ್ತು. ಬೀರುವಿನ ಬೀಗದ ಕೈ ಎಲ್ಲಿದೆ ಎಂದು ಮುನಿರಾಜುಗೆ ಹೇಳಬೇಕು ಎನ್ನುವುದೊಂದೇ ತಲೆಯಲ್ಲಿ.

ಡಾಕ್ಟರು ಬಗ್ಗಿ ಕೇಳಿದರು: "ಏನ್ ತಿಂದ್ರಿ? ಏನಾದ್ರೂ ಕಷಾಯ?"

ನನ್ನ ಗಂಡ ಆಗ ತಾನೇ ಬಂದು ಕಾಲ ಬಳಿ ನಿಂತಿದ್ದರು. ನಾನು ಹೇಳಿದೆ: "ನಮ್ಮತ್ತೆ ಏನೋ ಬೆರೆಸಿ ಕೊಟ್ಟಿರ್ಬೇಕು. ಅವರಿಗೆ ಸೊಪ್ಪಿನ ಹುಚ್ಚು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅದನ್ನು ಶಾಲೆಯಲ್ಲಿ ನೂರು ಸಲ ಬರೆದಿದ್ದೆ.

ಮುನಿರಾಜು ಕಾರಿಡಾರಿಗೆ ಹೋಗಿ ಫೋನು ಮಾಡಿದರು. ಸಾಧು ಮನುಷ್ಯ, ತಾಯಿಗೆ ಎಂದೂ ದನಿ ಎತ್ತಿದವರಲ್ಲ. ಪರದೆಯ ಈಚೆ ನನಗೆ ಕೇಳಿಸುತ್ತಿತ್ತು. "ಬೇಡ ಬೇಡ ಅಂದ್ರೂ ಕೊಟ್ಟಿದ್ದೀಯಲ್ಲಮ್ಮಾ. ಸಾಯ್ತಿದ್ದಾಳೆ ಇಲ್ಲಿ. ಇನ್ಮೇಲೆ ಅಡಿಗೆ ಮನೆಗೆ ಕಾಲಿಡ್ಬೇಡ ನೀನು." ಅತ್ತೆ ಆ ಕಡೆಯಿಂದ ಏನೆಂದರೋ ಗೊತ್ತಿಲ್ಲ. ಫೋನು ಬೇಗ ಇಟ್ಟರು.

ಸಂಜೆಗೆ ಪೊಟ್ಯಾಸಿಯಂ ಇಳಿಯಿತು. ಟ್ಯೂಬು ತಪ್ಪಿತು. ಮಾರನೆಯ ದಿನ ಆ ಡಯಟೀಷಿಯನ್ ಹುಡುಗಿ ವಾರ್ಡಿಗೆ ಬಂದು, ನನ್ನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು, ಒಂದು ವಾರದ ಊಟ ಬರೆಸಿಕೊಂಡಳು.

"ಸೊಪ್ಪು ಬಸಿದೇ ಮಾಡಿದ್ದಾ ಮೇಡಂ?"

"ಬಸಿದೇ."

"ಆ ನೀರು ಚೆಲ್ಲಿದ್ರಾ?"

ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು.

"ಸಾರು ಮಾಡ್ತೀವಿ" ಎಂದೆ.

"ಆ ನೀರಲ್ಲಾ? ಅಯ್ಯೋ ಮೇಡಂ" ಎಂದಳು. ಪಾಪ, ಅವಳದು ಬೇರೆ ಕಡೆಯ ಊರು. ಬಸಿದ ನೀರಿಗೆ ಮಸಾಲೆ ಹಾಕಿ ಕುಡಿಯುವ ಜನ ಇದ್ದಾರೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅದನ್ನು ಚೆಲ್ಲುವ ಜನ ಇದ್ದಾರೆಂದು ನಮಗೆ ಹೇಗೆ ಗೊತ್ತಾಗಬೇಕು? ಸೊಪ್ಪಿನಿಂದ ನೀರಿಗೆ ಇಳಿದ ವಿಷವನ್ನೆಲ್ಲ ವಾರಕ್ಕೆ ಮೂರು ದಿನ ತಟ್ಟೆ ಎತ್ತಿ ಕುಡಿದಿದ್ದೆ. ಬಿಪಿ ಮಾತ್ರೆಯಲ್ಲೊಂದು ಬೇರೆ ಪೊಟ್ಯಾಸಿಯಂ ಏರಿಸುವ ಜಾತಿಯದಂತೆ. ಎರಡೂ ಸೇರಿ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿದ್ದವು. ಅತ್ತೆ ಏನನ್ನೂ ಬೆರೆಸಿರಲಿಲ್ಲ. ದೀಪದಾಣೆ ಮುರಿದಿರಲಿಲ್ಲ.

ಇನ್ನು ಬರೆಯುವುದು ಕಷ್ಟ, ಆದರೆ ಬರೆಯದೆ ಬಿಟ್ಟರೆ ಇಷ್ಟು ಬರೆದದ್ದು ದಂಡ. ನಾನು ಈ ವಿಷಯ ಯಾರಿಗೂ ಹೇಳಲಿಲ್ಲ. ಅವತ್ತು ಸಂಜೆ ಮುನಿರಾಜು ಬಂದು, "ಅಮ್ಮಂಗೆ ಸರಿಯಾಗಿ ಹೇಳಿದ್ದೀನಿ, ನೀನು ಟೆನ್ಷನ್ ಮಾಡ್ಕೋಬೇಡ" ಎಂದಾಗ ಗೋಡೆ ಕಡೆ ತಿರುಗಿ ಮಲಗಿದೆ. ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಮನೆಗೆ ಬಂದ ದಿನ ಸುಸ್ತು. ಮಾರನೆಯ ದಿನ ಮಗಳು ಲಿಂಗರಾಜಪುರದಿಂದ ಬಂದಿದ್ದಳು. ಅವಳ ಮುಂದೆ ಬೇಡ ಎನಿಸಿತು. ಆಮೇಲೆ ಹಬ್ಬ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎನ್ನುವ ಭಯ. ಒಂದೊಂದು ದಿನ ಕಳೆದಂತೆ ಹೇಳುವುದು ಇನ್ನಷ್ಟು ಭಾರವಾಯಿತು.

ಅತ್ತೆ ಮಗ ಹೇಳಿದಂತೆಯೇ ನಡೆದುಕೊಂಡರು. ಅಡಿಗೆ ಮನೆಯ ಹೊಸಲಿನಾಚೆ ನಿಂತು, "ಒಂದ್ ಲೋಟ ನೀರು ಕೊಡಮ್ಮ" ಎಂದು ಕೇಳುತ್ತಿದ್ದರು. ಅವರ ಮನೆ, ಅವರ ಒಲೆ. ಕೊಟ್ಟದ್ದನ್ನು ಉಂಡು ತಟ್ಟೆ ತಾವೇ ತೊಳೆದಿಡುತ್ತಿದ್ದರು. ಊಟ ಅರ್ಧಕ್ಕೆ ಇಳಿದಿತ್ತು. ಸೈಟಿನ ಕಡೆ ಹೋಗುವುದನ್ನು ಬಿಟ್ಟರು. ಕೀಳುವವರಿಲ್ಲದೆ ಅಣ್ಣೆ ಎದೆಯುದ್ದ ಬೆಳೆದು ಹೂ ಬಿಟ್ಟಿತು. ನನ್ನ ಮಂಚದ ಪಕ್ಕದ ಕಿಟಕಿಯಿಂದ ಅದೊಂದೇ ಕಾಣುತ್ತಿದ್ದುದು. ನಾನು ಪರದೆ ಎಳೆದುಕೊಳ್ಳುತ್ತಿದ್ದೆ. ಸೋಮವಾರ ಮಾತ್ರ ಅತ್ತೆ ಬೆಳಗ್ಗೆ ಸ್ನಾನ ಮಾಡಿ, ಬಸ್ಸು ಹತ್ತಿ ಹಲಸೂರಿಗೆ ಸೋಮೇಶ್ವರನ ದೇವಸ್ಥಾನಕ್ಕೆ ಹೋಗಿಬರುತ್ತಿದ್ದರು. ನಮ್ಮ ಮೇಲಿನ ಸಿಟ್ಟಿಗೆ ಮನೆ ಬಿಟ್ಟು ಹೋಗುತ್ತಾರೆ ಎಂದುಕೊಂಡು, ಸಿಟ್ಟಾದರೂ ಇದೆಯಲ್ಲ ಎಂದು ಸಮಾಧಾನ ಪಟ್ಟುಕೊಂಡೆ.

ದೀಪಾವಳಿ ಕಳೆದು ಚೆಕಪ್ಪಿಗೆ ಹೋದಾಗ ಡಾಕ್ಟರು ಹೊಸ ರಿಪೋರ್ಟು ನೋಡಿ ತುಟಿ ಬಿಗಿದರು. ಆ ಏಟಿನಿಂದ ಕಿಡ್ನಿ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಕೈಗೆ ಆಪರೇಷನ್ ಮಾಡಿಸಿಟ್ಟುಕೊಳ್ಳಿ, ಯಾವಾಗ ಬೇಕಾಗುತ್ತದೋ ಹೇಳಲಾಗದು ಎಂದರು. ನಾನು ಆಚೆ ಬಂದು ಜಬೀನಾ ಪಕ್ಕ ಕೂತೆ. ಅಳು ತಡೆಯಲಾಗಲಿಲ್ಲ. ಅವರು ಬೆನ್ನು ಸವರುತ್ತಾ, "ಕೈದು ಆಪ್ರೇಷನ್ ಏನೂ ನೋವಿಲ್ಲ, ನಾನಿಲ್ವಾ" ಎಂದರು. ಕೈಯದಲ್ಲ ಎಂದು ಶುರು ಮಾಡಿ ಬಸ್ಸಾರಿನಿಂದ ಹಿಡಿದು ಅತ್ತೆಯ ಅರ್ಧ ಊಟದವರೆಗೂ ಎಲ್ಲ ಹೇಳಿದೆ.

ಜಬೀನಾ ಬೆನ್ನಿನ ಮೇಲಿಂದ ಕೈ ತೆಗೆದರು. "ಸಾಸುಗೆ ಹೇಳಿದ್ರಾ?"

"ಇಲ್ಲ."

"ಯಾ ಅಲ್ಲಾ! ಮುದುಕಿ ಅಲ್ಲಿ ಅನ್ನ ಬಿಟ್ಟು ಕೂತವ್ಳೆ, ನೀವು ಇಲ್ಲಿ ನನ್ಗೆ ಹೇಳ್ತೀರಾ? ನಾನೇನು ನಿಮ್ ಅತ್ತೆನಾ? ಮೊದ್ಲು ಮನೆಗೆ ಹೋಗ್ರಿ. ಅವ್ರಿಗೆ ಹೇಳಿ, ಆಮೇಲೆ ನನ್ ಹತ್ರ ಬನ್ನಿ." ಅಷ್ಟು ಹೇಳಿ ಎದ್ದು ಜೋಡಿ ಬಾಗಿಲೊಳಗೆ ಹೋಗಿಬಿಟ್ಟರು. ಲವಂಗ ಕೊಡಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನ. ಅತ್ತೆ ಹಿಂದಿನ ಬಾಗಿಲ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಕೈಯಲ್ಲಿ ಕೆಲಸವಿಲ್ಲದೆ ಆ ಹೆಂಗಸು ಕೂತದ್ದನ್ನು ಅದಕ್ಕೂ ಮೊದಲು ನಾನು ನೋಡಿರಲಿಲ್ಲ. ಚಪ್ಪಲಿ ಬಿಡದೆ ಅವರ ಮುಂದೆ ನೆಲದ ಮೇಲೆ ಕೂತೆ.

"ಅತ್ತೆ, ನೀವು ಏನೂ ಬೆರೆಸಿರಲಿಲ್ಲ. ಬಸಿದ ಕಟ್ಟು ಚೆಲ್ಬೇಕಿತ್ತು. ಅದ್ರಲ್ಲೇ ಇದ್ದದ್ದು. ನೀವು ಕೇಳಿದ್ರಿ, ನಾನೇ ಸಾರು ಮಾಡಿ ಅಂದೆ. ನಂದೇ ತಪ್ಪು."

ಅವರು ನನ್ನನ್ನೇ ನೋಡಿದರು. ಕಿವಿ ಮಂದ, ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಲು ಹೊರಟೆ.

"ಅಂಗಾರೆ ನಾನಲ್ವಾ?" ಎಂದರು.

"ಅಲ್ಲ ಅತ್ತೆ."

"ನಾನಲ್ವಾ?"

"ನೀವಲ್ಲ."

ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು. ಭುಜ ಅಲುಗುತ್ತಿತ್ತು, ಸದ್ದಿರಲಿಲ್ಲ. ಆಮೇಲೆ ಕೇಳಿದರು: "ನಿಂಗೆ ಯಾವಾಗ ಗೊತ್ತಾಯ್ತು?"

ಇವತ್ತು ಎನ್ನಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. "ಆಸ್ಪತ್ರೇಲೇ" ಎಂದೆ. "ಎರಡನೇ ದಿನ."

"ಗೌರಿ ಅಬ್ಬಕ್ಕೆ ಮುಂಚೆ."

"ಹೂಂ."

"ಏನೋ ಕಾಣದೆ ಕಿತ್ಕಂಡ್ ಬಂದ್ಬಿಟ್ನಾ, ಕಣ್ಣು ಮಂಜಾಗಿ ಯಾವ್ದಾರ ಇಸದ ಗಿಡ ಸೇರ್ಸ್‌ಬಿಟ್ನಾ ಅಂತ... ಆವತ್ತಿಂದ ನನ್ ಕಣ್ಣೇ ನಂಬ್ಲಿಲ್ಲ ನಾನು. ಪ್ರತಿ ಸ್ವಾಮಾರ ಓಗಿ ಸೋಮೇಸ್ವರನ್ ಮುಂದೆ ತಪ್ಪಾಯ್ತು ತಪ್ಪಾಯ್ತು ಅಂತ ಕೆನ್ನೆ ಕೆನ್ನೆ ಬಡ್ಕಂಡೆ ಕಣೇ. ಯಾರ್ ತಪ್ಪಿಗೆ?"

ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನನ್ನು 'ಕಣೇ' ಎಂದದ್ದು. ಕಾಲು ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ, ತಲೆ ಮೇಲೆ ಕೈಯೂ ಇಡಲಿಲ್ಲ. "ಬರೋ ಸ್ವಾಮಾರ ನೀನೂ ಬಾ. ನೀನೇ ಏಳು ಅವನ್ಗೆ" ಎಂದರು.

ಅವತ್ತು ಸಂಜೆ ಮುನಿರಾಜುಗೂ ಹೇಳಿದೆ. ಅವರು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ತಾಯಿಯ ಹತ್ತಿರ ಹೋಗಿ ನಿಂತು, "ಕಾಫಿ ಕುಡೀತೀಯಾ ಅಮ್ಮಾ?" ಎಂದರು.

ಸೋಮವಾರ ರಜೆ ಹಾಕಿ ಅತ್ತೆಯ ಜೊತೆ ಹಲಸೂರಿಗೆ ಹೋದೆ. ದೇವಸ್ಥಾನದಲ್ಲಿ ಜನ ಇದ್ದರು. ಅತ್ತೆ ಕಂಬಕ್ಕೆ ಒರಗಿ ನಿಂತು ನನ್ನನ್ನು ಮುಂದೆ ಬಿಟ್ಟರು. ದೇವರಲ್ಲಿ ನನಗೆ ಅಂಥ ನಂಟೇನಿಲ್ಲ, ಬೇಡಿಕೊಳ್ಳಲೂ ಬರುವುದಿಲ್ಲ. ತಪ್ಪಾಯ್ತು ಎಂದು ಎರಡೂ ಕೆನ್ನೆಗೆ ಹೊಡೆದುಕೊಂಡೆ. ಹೇಳುತ್ತಿದ್ದದ್ದು ಹಿಂದೆ ನಿಂತಿದ್ದ ಅತ್ತೆಗೆ. ಒಂದು ಸಲ, ಎರಡು ಸಲ, ಮೂರನೆಯದು ಜೋರಾಗಿ ಬಿತ್ತು, ಪಕ್ಕದವರು ತಿರುಗಿ ನೋಡಿದರು. ಅತ್ತೆ ಬಂದು ನನ್ನ ಮಣಿಕಟ್ಟು ಹಿಡಿದರು.

"ಸಾಕು ಬಿಡು. ಬಿಪಿ ಏರ್ತದೆ."

ಮುಂದಿನ ವಾರ ಜಬೀನಾಗೆ ಹೋಗಿ ಹೇಳಿದೆ. ಅವರು ಬ್ಯಾಗಿನಿಂದ ಲವಂಗದ ಡಬ್ಬಿ ತೆಗೆದರು.

ಈಗ ನನ್ನ ಎಡಗೈಯಲ್ಲೂ ಆ ಗುರುಗುಟ್ಟುವಿಕೆ ಇದೆ. ಇನ್ನೂ ಸೂಜಿ ಹಾಕಿಲ್ಲ. ದಿನಾ ಬೆಳಗ್ಗೆ ಎದ್ದಕೂಡಲೇ ಕಿವಿಗಿಟ್ಟು ಕೇಳಿಸಿಕೊಳ್ಳುತ್ತೇನೆ, ಇನ್ನೊಂದು ದಿನ ಮುಂದಕ್ಕೆ ಹೋಯಿತು ಎಂದುಕೊಳ್ಳುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದು, ಬಸಿದು ತಿನ್ನಿ ಎಂದು ಯಾರಾದರೂ ಹೇಳಿದರೆ, ಬಸಿದ ನೀರನ್ನು ಏನು ಮಾಡಬೇಕು ಎಂದು ಅಲ್ಲೇ ಕೇಳಿ. ನಾಚಿಕೆ ಬೇಡ. ಮನೆಯಲ್ಲಿ ಅಡಿಗೆ ಮಾಡುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ನಮ್ಮತ್ತೆ ಬಂದಿದ್ದರೆ ಅಲ್ಲೇ ಕೇಳಿಬಿಡುತ್ತಿದ್ದರು.

ಈ ವರ್ಷ ಮೊದಲ ಮಳೆ ಬಿದ್ದ ವಾರ ಅತ್ತೆ ಮತ್ತೆ ಸೈಟಿಗೆ ಇಳಿದರು. ಕಿತ್ತದ್ದನ್ನೆಲ್ಲ ತಂದು ನನ್ನ ಮುಂದೆ ಸುರಿದು, ಒಂದೊಂದೇ ಕುಡಿ ಎತ್ತಿ ತೋರಿಸಿ, "ಇದು ಅಣ್ಣೆ ತಾನೆ? ನೋಡೇಳು" ಎಂದು ಕೇಳುತ್ತಾರೆ. ನನಗೆ ಅಣ್ಣೆ ಸೊಪ್ಪು ಯಾವುದೆಂದು ಕಲಿಸಿದವರು ಅವರು. ಕೇಳಿದಾಗಲೆಲ್ಲ ಹೌದು ಎನ್ನುತ್ತೇನೆ.

ವಾರಕ್ಕೆ ಒಂದೇ ದಿನ, ಒಂದು ಸಣ್ಣ ಬಟ್ಟಲು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಸೊಪ್ಪು ಬೇಯಿಸಿ, ಅತ್ತೆ ತಟ್ಟೆ ಅಡ್ಡ ಹಿಡಿದು ಬಸಿಯುತ್ತಾರೆ. ಹಸಿರು ಕಟ್ಟು ಹಬೆಯಾಡುತ್ತದೆ, ಆ ವಾಸನೆಗೆ ನನ್ನ ಬಾಯಲ್ಲಿ ಈಗಲೂ ನೀರೂರುತ್ತದೆ. ನಿಮಗೂ ನಿಮ್ಮ ಮಗನಿಗೂ ಸಾರು ಮಾಡಿಕೊಳ್ಳಿ ಎಂದರೆ, "ನಿನ್ ಮುಂದೆ ಉಣ್ಣಾಕಾಯ್ತದಾ" ಎಂದರು. ಚೆಲ್ಲಿ ಎಂದರೆ, "ನನ್ ಕೈಲಾಗಲ್ಲ. ನೀನೇ ಚೆಲ್ಲು" ಎಂದು ಪಾತ್ರೆಯನ್ನು ನನ್ನ ಕಡೆ ಸರಿಸಿದರು.

ಆರುವ ತನಕ ಕಾದು, ಎತ್ತಿಕೊಂಡು ಹೋಗಿ ಹಿಂದಿನ ನುಗ್ಗೆ ಮರದ ಬುಡಕ್ಕೆ ಸುರಿಯುತ್ತೇನೆ. ಅತ್ತೆ ಬಾಗಿಲಲ್ಲಿ ನಿಂತು, ಕೊನೆಯ ಹನಿ ಬೀಳುವವರೆಗೂ ನೋಡುತ್ತಾರೆ.